ಮೊದಲು ಬಂದವನ ಬಾಗಿಲು

ಅಮೆರಿಕದ ಚಿತ್ರಕಥೆಯೊಂದರ ಹುಡುಗಿಯ ಬಗ್ಗೆ ಬರೆಯುತ್ತೇವೆ ಅಂದಾಗ ಗೆಳೆಯರು ನಕ್ಕರು. ಕೂಲಿ ಸಿಗದೆ ಜನ ಗುಂಪುಗುಂಪಾಗಿ ಊರು ಬಿಡುತ್ತಿದ್ದಾರೆ. 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಎರಡು ವರ್ಷದ ಕೂಸೊಂದು ಗುಡಿಯೊಳಕ್ಕೆ ಓಡಿತು ಅಂತ ಮನೆಯವರ ಮೇಲೆ ದಂಡ ಹೇರಿದ ನಾಡು ಇದು. ಇಂಥ ಹೊತ್ತಿನಲ್ಲಿ ಆಕಾಶದಲ್ಲಿ ಹಾರುವ ಹೊಂಗೂದಲ ಹುಡುಗಿಯನ್ನು ಕಟ್ಟಿಕೊಂಡು ನಿಮಗೇನಾಗಬೇಕು ಅಂದರು. ಅವರ ಮಾತು ನ್ಯಾಯವೇ. ಬಂಡವಾಳಶಾಹಿ ದೇಶವೊಂದು ತನ್ನ ಮಕ್ಕಳಿಗೆ ಹತ್ತು ಸೆಂಟಿಗೆ ಮಾರಿದ ಕನಸು ಅದು. ಆದರೂ ಬರೆಯಬೇಕಾಗಿದೆ. ಆ ಕಥೆಯೊಳಗೆ ಒಂದು ಬಾಗಿಲಿದೆ. ಆ ಬಾಗಿಲ ಹೊರಗೆ ನಾವು ನಿಂತದ್ದುಂಟು. ಈಗ ಒಳಗೆ ನಿಂತಿದ್ದೇವೆ, ಅಗಣಿಯ ಮೇಲೆ ಕೈಯಿಟ್ಟುಕೊಂಡು.

ಸೂಪರ್‌ಮ್ಯಾನನ ಕಥೆ ಬಹಳ ಜನಕ್ಕೆ ಗೊತ್ತು. ಕ್ರಿಪ್ಟಾನ್ ಅನ್ನುವ ಲೋಕ ಸಿಡಿದು ಚೂರಾಗುವ ಹೊತ್ತಿಗೆ ತಂದೆತಾಯಿ ತಮ್ಮ ಕೂಸನ್ನು ರಾಕೆಟ್ಟಿನಲ್ಲಿಟ್ಟು ಭೂಮಿಗೆ ಕಳಿಸುತ್ತಾರೆ. ಕೂಸು ಅಮೆರಿಕದಲ್ಲಿ ಇಳಿಯುತ್ತದೆ, ಕೆಂಟ್ ದಂಪತಿಗಳ ಮಗನಾಗಿ ಬೆಳೆಯುತ್ತದೆ, ಕ್ಲಾರ್ಕ್ ಅನ್ನುವ ಹೆಸರು ಪಡೆದು, ಕನ್ನಡಕ ಹಾಕಿಕೊಂಡು ಪತ್ರಿಕೆಯೊಂದರಲ್ಲಿ ನೌಕರಿಗೆ ಸೇರುತ್ತದೆ. 1938ರಲ್ಲಿ ಇದನ್ನು ಕಟ್ಟಿದವರು ಕ್ಲೀವ್‌ಲ್ಯಾಂಡಿನ ಇಬ್ಬರು ಯಹೂದಿ ಹುಡುಗರು, ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್. ಇಬ್ಬರೂ ವಲಸೆ ಬಂದವರ ಮಕ್ಕಳು. ಎಲ್ಲ ಹಕ್ಕನ್ನೂ 130 ಡಾಲರಿಗೆ ಬರೆದುಕೊಟ್ಟರು, ಲಾಭವೆಲ್ಲ ಪ್ರಕಾಶಕರ ಪಾಲಾಯಿತು. ದುಡಿದವನಿಗೆ ಕೂಲಿ, ಕಣದ ರಾಶಿ ಧಣಿಗೆ. ಅದು ಬೇರೆಯೇ ಬರೆಯಬೇಕಾದ ಕಥೆ, ಬಿಡಿ.

ನಮ್ಮ ಹುಡುಗಿ ಬಂದದ್ದು 21 ವರ್ಷ ತಡವಾಗಿ. 1959ರ ಮೇ ತಿಂಗಳ 'ಆಕ್ಷನ್ ಕಾಮಿಕ್ಸ್' ಸಂಚಿಕೆಯಲ್ಲಿ ಆಟೋ ಬೈಂಡರ್ ಕಥೆ ಬರೆದ, ಆಲ್ ಪ್ಲಾಸ್ಟಿನೊ ಚಿತ್ರ ಬಿಡಿಸಿದ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ರಟ್ಟು ಹರಿದ ಮರುಮುದ್ರಣವೊಂದು ನಮ್ಮ ಕೈಗೆ ಬಂತು. ಹುಡುಗಿಯ ಹೆಸರು ಕಾರಾ. ವಯಸ್ಸು 15. ಅವಳು ಕ್ರಿಪ್ಟಾನನ್ನು ಕಣ್ಣಿಂದ ಕಂಡವಳಲ್ಲ. ಲೋಕ ಸಿಡಿದಾಗ ಆರ್ಗೋ ಅನ್ನುವ ಊರೊಂದು ತನ್ನ ತುಂಡು ನೆಲದ ಸಮೇತ ಕಿತ್ತುಹೋಗಿ, ಒಂದು ಗುಳ್ಳೆ ಗಾಳಿಯನ್ನು ಸುತ್ತಿಕೊಂಡು ಆಕಾಶಕ್ಕೆ ಎಸೆಯಲ್ಪಟ್ಟಿತು. ಜನ ಬದುಕಿ ಉಳಿದರು. ಆದರೆ ಕಾಲಡಿಯ ಮಣ್ಣೇ ವಿಷವಾಗಿ ತಿರುಗಿತು. ಕಾರಾಳ ಅಪ್ಪ ಊರಿನ ನೆಲಕ್ಕೆಲ್ಲ ಸೀಸದ ತಗಡು ಹೊದಿಸಿದ. ಆ ತಗಡಿನ ಮೇಲೆಯೇ ಸಂಸಾರ ನಡೆಯಿತು, ಆ ತಗಡಿನ ಮೇಲೆಯೇ ಈ ಹುಡುಗಿ ಹುಟ್ಟಿ ನಡೆಯಲು ಕಲಿತಳು. ಕೊನೆಗೊಂದು ದಿನ ಉಲ್ಕೆಗಳ ಮಳೆ ಬಿದ್ದು ತಗಡು ತೂತಾಯಿತು. ಒಬ್ಬರನ್ನು ಮಾತ್ರ ಕಳಿಸುವಷ್ಟು ಹೊತ್ತಿತ್ತು. ಮಗಳನ್ನು ಕಳಿಸಿದರು.

ಈ ಪುಟ ಓದುವಾಗ ನಮಗೆ ನಮ್ಮ ಕೇರಿ ನೆನಪಾಯಿತು. ಆಚೆಗೆ ಎಸೆದ ಒಂದು ತುಂಡು ನೆಲ. ಅಲ್ಲೇ ಮದುವೆ, ಅಲ್ಲೇ ಹಬ್ಬ, ಅಲ್ಲೇ ಹಾಡು. ಕಾಲಡಿ ಏನಿದೆ ಅಂತ ಎಲ್ಲರಿಗೂ ಗೊತ್ತು, ಆದರೂ ಮೇಲೊಂದು ತಗಡು ಹೊದಿಸಿಕೊಂಡು ನಗುತ್ತಾರೆ. ಹೋಲಿಕೆಯನ್ನು ಜಾಸ್ತಿ ಎಳೆಯಬಾರದು, ಗೊತ್ತು. ಆರ್ಗೋವನ್ನು ಎಸೆದದ್ದು ಪ್ರಕೃತಿ. ನಮ್ಮನ್ನು ಎಸೆದವರು ಮನುಷ್ಯರು. ಅವರಿಗೆ ಹೆಸರಿದೆ, ಮನೆತನವಿದೆ, ಪಹಣಿಯಿದೆ.

ಈಗ ಆ ಬಾಗಿಲಿಗೆ ಬರೋಣ.

ಕಾರಾಳ ತಂದೆತಾಯಿ ದೊಡ್ಡ ದೂರದರ್ಶಕದಲ್ಲಿ ಭೂಮಿಯನ್ನು ನೋಡಿದ್ದರು. ಅಲ್ಲಿ ನಮ್ಮವನೊಬ್ಬ ಇದ್ದಾನೆ, ಚೆನ್ನಾಗಿದ್ದಾನೆ, ಅವನಿಗೆ ಶಕ್ತಿಯಿದೆ ಅಂತ ಕಂಡುಕೊಂಡಿದ್ದರು. ಅವನು ಗುರುತು ಹಿಡಿಯಲಿ ಅಂತ ಅವ್ವ ಅವನ ಬಟ್ಟೆಯಂಥದೇ ಬಟ್ಟೆ ಹೊಲಿದು ಮಗಳಿಗೆ ಹಾಕಿದಳು. ರಾಕೆಟ್ಟು ಇಳಿಯಿತು, ಸೂಪರ್‌ಮ್ಯಾನ್ ಓಡಿ ಬಂದ. ಮಾತಾಡುತ್ತಾ ಮಾತಾಡುತ್ತಾ ಅವಳು ತನ್ನ ಅಪ್ಪನ ಒಡಹುಟ್ಟಿದವನ ಮಗಳೇ ಅಂತ ತಿಳಿಯಿತು. ಅಪ್ಪಿಕೊಂಡ. ಹುಡುಗಿ ಕೇಳಿದಳು, ಹಾಗಾದರೆ ನಾನು ನಿನ್ನ ಜೊತೆಯೇ ಇರಬಹುದಲ್ಲ?

ಅವನು ಆಗುವುದಿಲ್ಲ ಅಂದ. ನಾನಿಲ್ಲಿ ಬೇರೆ ಹೆಸರಲ್ಲಿ ಬದುಕುತ್ತಿದ್ದೇನೆ, ನೀನು ನನ್ನ ಜೊತೆಯಿದ್ದರೆ ನನ್ನ ಗುಟ್ಟು ಬಯಲಾದೀತು ಅಂದ. ಮಿಡ್‌ವೇಲ್ ಅನ್ನುವ ಸಣ್ಣ ಊರಿನ ಅನಾಥಾಲಯಕ್ಕೆ ಅವಳನ್ನು ಕರೆದುಕೊಂಡು ಹೋದ. ಹೊಂಗೂದಲ ಮೇಲೆ ಕಂದು ಬಣ್ಣದ ಎರಡು ಜಡೆಯ ಟೋಪನ್ ಬಂತು. ಕಾರಾ ಹೋಗಿ ಲಿಂಡಾ ಲೀ ಆದಳು. ಶಕ್ತಿಯನ್ನು ಯಾರಿಗೂ ತೋರಿಸಬೇಡ, ನಾನು ಕರೆದಾಗ ಬಾ, ನೀನು ನನ್ನ ಗುಟ್ಟಿನ ಆಯುಧ ಅಂದ. ದತ್ತು ತೆಗೆದುಕೊಳ್ಳಲು ಬಂದವರ ಕಣ್ಣಿಗೆ ಬೀಳದಂತೆಯೂ ಅವಳು ತಪ್ಪಿಸಿಕೊಳ್ಳಬೇಕಾಗಿತ್ತು. ಬೆಟ್ಟ ಎತ್ತಬಲ್ಲ ಹುಡುಗಿ, ಅನಾಥಾಲಯದ ಮಂಚದ ಮೇಲೆ ಟೋಪನ್ ಕಳಚದೆ, ಸುಮಾರು ಎರಡು ವರ್ಷ ಕಳೆದಳು.

ಆ ಕಾಲದ ಅಮೆರಿಕದ ಮಕ್ಕಳು ಇದನ್ನು ತಮಾಷೆಯಾಗಿ ಓದಿರಬೇಕು. ಬರೆದವನೂ ಇದರಲ್ಲಿ ಕ್ರೌರ್ಯವಿದೆ ಅಂತ ತಿಳಿದು ಬರೆದ ಹಾಗಿಲ್ಲ. ಅಣ್ಣನಾದವನು ಬುದ್ಧಿವಂತಿಕೆಯಿಂದ ಒಂದು ವ್ಯವಸ್ಥೆ ಮಾಡಿದ ಅನ್ನುವ ಹಾಗೆ ಪುಟ ಮುಂದಕ್ಕೆ ಹೋಗುತ್ತದೆ. ನಮಗೆ ಮುಂದಕ್ಕೆ ಹೋಗಲಿಕ್ಕಾಗಲಿಲ್ಲ.

ನಮ್ಮ ಕೇರಿಯಲ್ಲಿ ಮೊದಲು ಡಿಗ್ರಿ ಮುಗಿಸಿ ನಗರದಲ್ಲಿ ನೌಕರಿ ಹಿಡಿದವರೊಬ್ಬರಿದ್ದರು. ಹೆಸರು ಬೇಡ. ಪಿಯುಸಿ ಪಾಸಾದಾಗ ನಾವೂ ನಮ್ಮಪ್ಪನೂ ಅವರ ವಿಳಾಸ ಬರೆದ ಚೀಟಿ ಹಿಡಿದುಕೊಂಡು ಬಸ್ಸು ಹತ್ತಿದೆವು. ಮನೆಯ ತಿರುವಿನಲ್ಲೇ ಅವರು ಎದುರಾದರು. ಬಹಳ ಪ್ರೀತಿಯಿಂದ ಮಾತಾಡಿಸಿದರು. ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದರು. ರಜೆ ಹಾಕಿ ಎರಡು ದಿನ ನಮ್ಮ ಜೊತೆ ಓಡಾಡಿ ಹಾಸ್ಟೆಲಿನ ಅರ್ಜಿ ತುಂಬಿಸಿದರು, ಫೀಸಿನ ದುಡ್ಡನ್ನೂ ಅವರೇ ಕಟ್ಟಿದರು. ಅವರಿಲ್ಲದೆ ನಾವು ಓದುತ್ತಿರಲಿಲ್ಲ, ಇದನ್ನು ಬರೆಯುತ್ತಲೂ ಇರಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮಪ್ಪನ ಕೈ ಹಿಡಿದು ಮೆಲ್ಲಗೆ ಅಂದರು: "ಏನು ಬೇಕಾದರೂ ಫೋನು ಮಾಡು ಚಿಕ್ಕಪ್ಪ. ಮನೆ ಕಡೆ ಮಾತ್ರ ಬರಬ್ಯಾಡ. ಇಲ್ಲಿ ನಾವು ಏನು ಅಂತ ಯಾರಿಗೂ ಗೊತ್ತಿಲ್ಲ." ಅವರ ಮಕ್ಕಳಿಗೆ ಅಂತ ಅವ್ವ ಕಟ್ಟಿಕೊಟ್ಟಿದ್ದ ಹುರುಳಿಕಾಳಿನ ಗಂಟು ಹಾಗೇ ಊರಿಗೆ ವಾಪಸ್ಸು ಬಂತು. ಅಪ್ಪ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅವ್ವ ಕೇಳಿದಾಗ, ಮನೆ ಬೀಗ ಹಾಕಿತ್ತು ಅಂದ.

ಆಗ ನಮಗೆ ರೋಷ ಬಂತು. ಅವರ ಮೇಲೊಂದು ಪದ್ಯ ಬರೆದೆವು. ಕವಿಗೋಷ್ಠಿಯಲ್ಲಿ ಓದಿದಾಗ ಗೆಳೆಯರು ಚಪ್ಪಾಳೆ ಹೊಡೆದರು. ದ್ರೋಹಿ ಅನ್ನುವ ಮಾತು ಅದರಲ್ಲಿ ಮೂರು ಸಲ ಬರುತ್ತಿತ್ತು.

ಹಾಸ್ಟೆಲಿನಲ್ಲಿ ನಾವು ಟೋಪನ್ ಹಾಕಲಿಲ್ಲ. ಇದನ್ನು ಹೇಳಲೇಬೇಕು. ಸರ್ಕಾರಿ ಹಾಸ್ಟೆಲಿನ ನೀರು ಸಾರು, ತಿಗಣೆ ಮಂಚ, ಕಿಟಕಿಯಿಲ್ಲದ ಕೋಣೆ, ಎಲ್ಲವನ್ನೂ ಬೈದಿದ್ದೇವೆ, ಧರಣಿ ಕೂತಿದ್ದೇವೆ. ಆದರೆ ಅಲ್ಲಿ ಯಾರೂ ಯಾರನ್ನೂ 'ನೀವು ಯಾವ ಪೈಕಿ' ಅಂತ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ರಾತ್ರಿ ಅವ್ವನ ಫೋನು ಬಂದರೆ ಎಲ್ಲರ ಎದುರಿಗೇ ನಮ್ಮ ಊರಿನ ಮಾತಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದೆವು. ಡಿಗ್ರಿ ಮುಗಿದು ಹಾಸ್ಟೆಲು ಬಿಟ್ಟ ದಿನ ನಮ್ಮ ಆ ಮಾತೂ ಅಲ್ಲೇ ಉಳಿಯಿತು.

ಬಾಡಿಗೆ ಕೋಣೆ ಹುಡುಕಿಕೊಂಡು ನಾಲ್ಕು ಮನೆ ತಿರುಗಿದೆವು. ಐದನೆಯ ಮನೆಯಲ್ಲಿ ಮಾಲೀಕರು ಕುರ್ಚಿ ಕೊಟ್ಟು, ನೀರು ಕೊಡುವ ಮೊದಲು, ನಗುತ್ತಲೇ ಕೇಳಿದರು, "ತಾವು ಯಾವ ಪೈಕಿ?" ನಮ್ಮ ಬಾಯಿಂದ ಇನ್ನೊಂದು ಜಾತಿಯ ಹೆಸರು ಬಂತು. ಯೋಚನೆ ಮಾಡಿ ಹೇಳಿದ್ದಲ್ಲ, ಬಂತು. ನೀರಿನ ಲೋಟವೂ ಬಂತು. ಆರು ತಿಂಗಳಾದ ಮೇಲೆ ಅವ್ವ, ನಿನ್ನ ರೂಮು ನೋಡಬೇಕು ಕಣಪ್ಪ ಅಂತ ಹೊರಟು ಬಂದಳು. ನಾವು ಬಸ್‌ಸ್ಟ್ಯಾಂಡಿಗೇ ಹೋದೆವು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಅವಳು ತಂದ ರೊಟ್ಟಿ ತಿಂದೆವು. ರೂಮಿನಲ್ಲಿ ಸುಣ್ಣ ಹೊಡೀತಾ ಇದ್ದಾರೆ ಅಂತ ಹೇಳಿ ಸಾಯಂಕಾಲದ ಬಸ್ಸಿಗೆ ಹತ್ತಿಸಿದೆವು. ಅವಳು ನಂಬಿದಳೋ ಇಲ್ಲವೋ. ಆ ದಿನ ರಾತ್ರಿ ಹಳೇ ಪದ್ಯವನ್ನು ಹುಡುಕಿ ಹರಿದು ಹಾಕಿದೆವು.

ಇಲ್ಲೇ ನಮ್ಮ ಪ್ರಶ್ನೆಯಿರುವುದು. ಅಡಗಿ ಬದುಕುವುದು ತಪ್ಪೇ?

ಮೇಷ್ಟ್ರುಗಳು ಸತ್ಯದ ಬಗ್ಗೆ ಪಾಠ ಮಾಡುವಾಗ ಸುಳ್ಳು ಹೇಳಿದವನನ್ನು ಮಾತ್ರ ಎದ್ದು ನಿಲ್ಲಿಸುತ್ತಾರೆ. ಪ್ರಶ್ನೆ ಕೇಳಿದವನನ್ನು ಯಾರೂ ನಿಲ್ಲಿಸುವುದಿಲ್ಲ. ಬಾಡಿಗೆಗೆ ಕೋಣೆ ಕೊಡುವವನಿಗೆ ಜಾತಿ ತಿಳಿಯುವ ಹಕ್ಕು ಯಾವ ನ್ಯಾಯದಲ್ಲಿದೆ? ಹಕ್ಕಿಲ್ಲದೆ ಕೇಳಿದವನಿಗೆ ನಿಜ ಹೇಳುವ ಬಾಧ್ಯತೆ ಎಲ್ಲಿಂದ ಬಂತು? ಕತ್ತಿ ಹಿಡಿದು ಬಂದವನು 'ನಿನ್ನ ಮಗ ಎಲ್ಲಿದ್ದಾನೆ' ಅಂತ ಕೇಳಿದರೆ ಕೈ ಮಾಡಿ ತೋರಿಸುವುದನ್ನು ನಾವು ಸತ್ಯ ಅನ್ನುವುದಿಲ್ಲ. ಕ್ಲಾರ್ಕನ ಕನ್ನಡಕ, ಕಾರಾಳ ಟೋಪನ್, ನಮ್ಮ ಬಾಯಿಂದ ಬಂದ ಆ ಹೆಸರು, ಇವುಗಳಿಗಾಗಿ ನಾವು ಯಾರ ಕಾಲಿಗೂ ಬೀಳಬೇಕಾಗಿಲ್ಲ.

ಅಂಬೇಡ್ಕರರೂ ಅಡಗಿದ್ದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದಾಗ ಅವರಿಗೆ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ತಂಗುಮನೆಯೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಬಡಿಗೆ ಹಿಡಿದ ಗುಂಪೊಂದು ಬಂದು ಸಂಜೆಯೊಳಗೆ ಖಾಲಿ ಮಾಡು ಅಂದಿತು. ಹಿಂದೂ ಗೆಳೆಯನೊಬ್ಬನನ್ನು ಕೇಳಿದರು. ನೀನು ಬಂದರೆ ನನ್ನ ಆಳುಗಳು ಬಿಟ್ಟು ಹೋಗುತ್ತಾರೆ ಅಂದ. ಕ್ರೈಸ್ತ ಗೆಳೆಯನನ್ನು ಕೇಳಿದರು. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂದ. ರೈಲಿನ ಹೊತ್ತಾಗುವ ತನಕ ಸಾರ್ವಜನಿಕ ತೋಟವೊಂದರಲ್ಲಿ ಕೂತಿದ್ದರು. ವಿದೇಶದಲ್ಲಿ ಓದಿದ ಆ ಶಕ್ತಿಯೆಲ್ಲ ಆ ತೋಟದ ಮರದ ಕೆಳಗೆ ಏನು ಕೆಲಸಕ್ಕೆ ಬಂತು? ಇದನ್ನು ಮುಂದೆ ಅವರೇ ಮುಚ್ಚುಮರೆಯಿಲ್ಲದೆ ಬರೆದರು. ಹೆಸರು ಬದಲಿಸಿಕೊಂಡೆ ಅಂತ ಬರೆಯಲು ಅವರಿಗೆ ನಾಚಿಕೆಯಾಗಲಿಲ್ಲ. ನಾಚಬೇಕಾದವರು ಬಡಿಗೆ ಹಿಡಿದವರು.

ಆದ್ದರಿಂದ ಕ್ಲಾರ್ಕ್ ಅಡಗಿದ್ದು ತಪ್ಪಲ್ಲ. ನಮ್ಮ ಕೇರಿಯ ಆ ಹಿರಿಯರು ಅಡಗಿದ್ದೂ ತಪ್ಪಲ್ಲ. ಅವರ ಭಯ ಸುಳ್ಳು ಭಯವಲ್ಲ. ಮಕ್ಕಳು ಓದುವ ಶಾಲೆ, ಹೆಂಡತಿ ನೀರು ಹಿಡಿಯುವ ನಲ್ಲಿ, ಆಫೀಸಿನ ಊಟದ ಡಬ್ಬಿ, ಎಲ್ಲ ಆ ಒಂದು ಗುಟ್ಟಿನ ಮೇಲೆ ನಿಂತಿತ್ತು. ನಾವು ತಡವರಿಸುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಮ್ಮ ತಲೆಯ ಮೇಲೆ ನಾವು ಟೋಪನ್ ಇಟ್ಟುಕೊಳ್ಳಬಹುದು. ಇನ್ನೊಬ್ಬರ ತಲೆಯ ಮೇಲೆ ಇಡಬಹುದೇ? ನಮ್ಮ ಗುಟ್ಟು ಉಳಿಯಲಿ ಅಂತ, ಈಗ ತಾನೇ ಲೋಕ ಕಳೆದುಕೊಂಡು ಬಂದ ಹುಡುಗಿಗೆ, ನೀನು ನೀನಲ್ಲ ಅಂತ ಹೇಳುವ ಅಧಿಕಾರ ನಮಗೆ ಯಾರು ಕೊಟ್ಟರು? ಕ್ಲಾರ್ಕ್ ಕನ್ನಡಕವನ್ನು ತಾನೇ ಆರಿಸಿಕೊಂಡ. ಕಾರಾಳನ್ನು ಯಾರೂ ಕೇಳಲಿಲ್ಲ. ಅವ್ವನನ್ನು ಯಾರೂ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಅವಳೂ ನಮ್ಮ ಸುಳ್ಳನ್ನು ಹೊತ್ತುಕೊಂಡು ಕೂತಿದ್ದಳು.

ಗೆಳೆಯರು ಇಲ್ಲೊಂದು ಮಾತು ಹೇಳಬಹುದು. ಅವನು ಅವಳಿಗೆ ಶಕ್ತಿ ಬಳಸುವುದನ್ನು ಕಲಿಸಿದನಲ್ಲ, ಯೋಗ್ಯಳಾದ ಮೇಲೆ ಲೋಕಕ್ಕೆ ತೋರಿಸಿದನಲ್ಲ? ತೋರಿಸಿದ, ನಿಜ. 1962ರ ಫೆಬ್ರವರಿ ಸಂಚಿಕೆಯಲ್ಲಿ ಅವಳನ್ನು ಇಡೀ ಜಗತ್ತಿಗೆ ಪರಿಚಯ ಮಾಡಿಸಿದ. ಅಧ್ಯಕ್ಷ ಕೆನಡಿಯೇ ಅವಳನ್ನು ಬರಮಾಡಿಕೊಂಡ ಚಿತ್ರವಿದೆ. ಆದರೆ ಈ 'ಯೋಗ್ಯತೆ' ಅನ್ನುವ ಮಾತು ಕೇಳಿದರೆ ನಮಗೆ ಮೈ ಉರಿಯುತ್ತದೆ. ಈ ಮಾತನ್ನು ಅಷ್ಟು ಸಲ ನಮ್ಮ ಮುಖಕ್ಕೆ ಎಸೆದಿದ್ದಾರೆ. ಕೂಸಿಗೆ ಮನೆ ಬೇಕಾದರೆ ಅದು ಮೊದಲು ಬೆಟ್ಟ ಎತ್ತಿ ತೋರಿಸಬೇಕೇ?

ಇಲ್ಲಿ ಕಥೆಯೇ ತನಗೆ ಅರಿವಿಲ್ಲದೆ ಒಂದು ನಿಜವನ್ನು ಉಗುಳಿದೆ. 1961ರಲ್ಲಿ, ಅಣ್ಣ ಅವಳನ್ನು ಲೋಕಕ್ಕೆ ತೋರಿಸಬೇಕು ಅನ್ನುವ ಹೊತ್ತಿಗೆ, ವೈರಿಯೊಬ್ಬಳ ಸಂಚಿನಿಂದ ಕಾರಾಳ ಶಕ್ತಿಯೆಲ್ಲ ಸೋರಿಹೋಗುತ್ತದೆ. ಹಾರಲಾರಳು, ಎತ್ತಲಾರಳು. ಇನ್ನು ಆಯುಧವೂ ಅಲ್ಲ, ಗುಟ್ಟೂ ಅಲ್ಲ. ಬರೀ ಅನಾಥ ಹುಡುಗಿ. ಡ್ಯಾನ್ವರ್ಸ್ ಅನ್ನುವ ಗಂಡಹೆಂಡತಿ ಬಂದು ಅವಳನ್ನು ಮಗಳಾಗಿ ಕರೆದುಕೊಂಡು ಹೋದದ್ದು ಆಗ. ಅವಳು ಯಾವ ಲೋಕದವಳು ಅಂತ ಅವರಿಗೆ ಗೊತ್ತಿರಲಿಲ್ಲ. ಅವಳಿಂದ ಅವರಿಗೆ ಆಗಬೇಕಾದ್ದೂ ಏನೂ ಇರಲಿಲ್ಲ. ಶಕ್ತಿ ಆಮೇಲೆ ಮರಳಿ ಬಂತು, ಗುಟ್ಟೂ ಆಮೇಲೆ ತಿಳಿಯಿತು, ಅವರು ಅವಳನ್ನು ಬಿಡಲಿಲ್ಲ. ಸೂಪರ್‌ಗರ್ಲಿನ ನೂರಾರು ಸಾಹಸಗಳಲ್ಲಿ ನಮಗೆ ಬೇಕಾದದ್ದು ಈ ಒಂದು ಪುಟ. ಭೂಮಿಯ ಮೇಲೆ ಅವಳ ಬದುಕು ಶುರುವಾದದ್ದು ಅಲ್ಲಿಂದ, ಒಂದು ಹಾಸಿಗೆ, ಒಂದು ಊಟದ ಮೇಜು, ಬೇಗ ಮಲಗು ಅಂತ ಗದರುವ ಒಂದು ದನಿ ಸಿಕ್ಕ ಮೇಲೆ.

ಇಷ್ಟಾದರೂ ನಾವು ಅಮೆರಿಕದ ಔದಾರ್ಯಕ್ಕೆ ಚಪ್ಪಾಳೆ ಹೊಡೆಯಲಾರೆವು. ಆಕಾಶದಿಂದ ಬಿದ್ದ ಹೊಂಗೂದಲ ಮಗುವಿಗೆ ಕಾಗದದ ಮೇಲೆ ಮನೆ ಕೊಟ್ಟ ದೇಶ ಅದು. ನೆಲದ ಮೇಲೆ ಏನಾಯಿತು? 1939ರಲ್ಲಿ, ಸೂಪರ್‌ಮ್ಯಾನ್ ಹುಟ್ಟಿದ ಮರುವರ್ಷ, ಹಿಟ್ಲರನ ಕೈಯಿಂದ 20,000 ಮಕ್ಕಳನ್ನು ಕರೆಸಿಕೊಳ್ಳೋಣ ಅನ್ನುವ ಮಸೂದೆ ಅಲ್ಲಿನ ಸಂಸತ್ತಿಗೆ ಬಂತು. ವ್ಯಾಗ್ನರ್ ಮತ್ತು ರಾಜರ್ಸ್ ಅನ್ನುವ ಇಬ್ಬರು ತಂದದ್ದು. ಮತಕ್ಕೂ ಹಾಕದೆ ಅದನ್ನು ಸಾಯಿಸಿದರು. ಆ ಮಕ್ಕಳ ಕೈಯಲ್ಲಿ ಬೆಟ್ಟ ಎತ್ತುವ ಬಲವಿರಲಿಲ್ಲ. ಕಾರಾ ಬರುವುದಕ್ಕೆ ಎರಡು ವರ್ಷ ಮೊದಲು, 1957ರಲ್ಲಿ, ಲಿಟಲ್ ರಾಕ್ ಊರಿನ ಒಂದು ಶಾಲೆಗೆ ಒಂಬತ್ತು ಕಪ್ಪು ಮಕ್ಕಳನ್ನು ಸೇರಿಸಲು ಸೈನ್ಯ ಬೇಕಾಯಿತು. ಅವರು ಬೇರೆ ಲೋಕದಿಂದ ಬಂದವರೂ ಅಲ್ಲ, ಅದೇ ಊರಿನವರು.

ಹೊಸ ಲೋಕಕ್ಕೆ ಹೋಗುವವರು ಹಳೆಯದರಿಂದ ಏನನ್ನು ಹೊತ್ತುಕೊಂಡು ಹೋಗುತ್ತಾರೆ ಅನ್ನುವುದನ್ನೂ ನೋಡಬೇಕು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿನವನು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಪೌರತ್ವ ಕೇಳಿದ. ಆ ದೇಶದ ಸೈನ್ಯದಲ್ಲಿ ದುಡಿದವನು. ದುಡಿದಿದ್ದೇನೆ, ಮನುಷ್ಯನಾಗಿದ್ದೇನೆ ಅಂದಿದ್ದರೆ ಸಾಕಿತ್ತು. ಅವನ ಪರ ಹೂಡಿದ ವಾದ ಬೇರೆ: ಇವನು ಮೇಲುಜಾತಿಯ ಆರ್ಯ, ಆದ್ದರಿಂದ ಬಿಳಿಯ. ಕೋರ್ಟು ಒಪ್ಪಲಿಲ್ಲ. ಏಳು ಸಮುದ್ರ ದಾಟಿದರೂ ಸೀಸದ ತಗಡಿನ ಕೆಳಗಿನ ವಿಷವನ್ನು ಗಂಟು ಕಟ್ಟಿಕೊಂಡೇ ಹೋಗಿದ್ದರು. ಅದು ಈಗಲೂ ಹೋಗುತ್ತಿದೆ. ಇಲ್ಲದಿದ್ದರೆ 2023ರಲ್ಲಿ ಸಿಯಾಟಲ್ ನಗರಸಭೆ ಜಾತಿಭೇದದ ವಿರುದ್ಧ ಕಾನೂನು ಮಾಡಬೇಕಾದ ಅಗತ್ಯವೇನಿತ್ತು? ಅಲ್ಲಿ ನಮ್ಮ ನಾಡಿನ ಇಂಜಿನಿಯರುಗಳಿದ್ದಾರೆ, ಅವರಲ್ಲಿ ಕೆಲವರು ಟೋಪನ್ ಹಾಕಿಕೊಂಡಿದ್ದಾರೆ, ಕೆಲವರು ಯಾರ ತಲೆಯ ಮೇಲೆ ಟೋಪನ್ ಇದೆ ಅಂತ ಹುಡುಕುತ್ತಿದ್ದಾರೆ.

ಕಾರಾ ಈ ಪ್ರಶ್ನೆಯನ್ನು ಎದುರಿಸಿದಳು. ಹಳೇ ಚಿತ್ರಕಥೆಯಲ್ಲಲ್ಲ, 2015ರಿಂದ 2021ರವರೆಗೆ ಬಂದ ಟಿವಿ ಧಾರಾವಾಹಿಯಲ್ಲಿ. ಅದರ ಕಾರಾ ಕ್ರಿಪ್ಟಾನಿನಲ್ಲೇ ಬೆಳೆದು ಬಂದವಳು. ಅವಳಿಗೆ ತನ್ನ ಭಾಷೆ ನೆನಪಿದೆ, ದೇವರು ನೆನಪಿದೆ, ಅವ್ವನ ಮುಖ ನೆನಪಿದೆ. ಕೂಸಾಗಿ ಬಂದ ಅಣ್ಣನಿಗೆ ಇದ್ಯಾವುದೂ ಇಲ್ಲ. ಅವನಿಗೆ ಕ್ರಿಪ್ಟಾನ್ ಒಂದು ಸುದ್ದಿ, ಇವಳಿಗೆ ಅದು ಸತ್ತ ಮನೆ. ಆ ಅವ್ವ ಅಲ್ಲಿ ನ್ಯಾಯಾಧೀಶೆಯಾಗಿದ್ದಳು. ಅವಳು ಜೈಲಿಗೆ ಕಳಿಸಿದವರು ಭೂಮಿಗೆ ಬಂದು ಮಗಳ ಮುಂದೆ ನಿಲ್ಲುತ್ತಾರೆ, ನಿನ್ನ ಚಂದದ ಲೋಕ ನಮಗೇನು ಮಾಡಿತು ಗೊತ್ತಾ ಅಂತ ಕೇಳುತ್ತಾರೆ. ಹುಡುಗಿ ತತ್ತರಿಸುತ್ತಾಳೆ. ಆದರೂ ಅವ್ವನಿಗಾಗಿ ಅಳುವುದನ್ನು ಬಿಡುವುದಿಲ್ಲ, ಅವ್ವನ ತೀರ್ಪುಗಳನ್ನೆಲ್ಲ ಒಪ್ಪುವುದೂ ಇಲ್ಲ. ಇದು ಬಹಳ ಕಷ್ಟದ ಕೆಲಸ. ನಮಗೆ ಊರು ಅಂದರೆ ಸುಗ್ಗಿಯ ಹಾಡು, ತಮಟೆ, ಮಳೆಗೆ ಎದ್ದ ಮಣ್ಣಿನ ವಾಸನೆ. ಊರು ಅಂದರೆ ಚಹಾದಂಗಡಿಯ ಬೇರೆ ಲೋಟವೂ ಹೌದು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಹೊಗಳುವವರ ಬಾಯಿ ಮುಚ್ಚಿಸಿದ್ದು ನೆನಪಿದೆ. ಆದರೂ ಮಳೆ ಬಿದ್ದಾಗ ಎದೆಯೊಳಗೆ ಏನೋ ಆಗುತ್ತದೆ, ಏನು ಮಾಡುವುದು.

ಅದೇ ಧಾರಾವಾಹಿಯ ನಾಲ್ಕನೆಯ ಭಾಗದಲ್ಲಿ ಹೊರಲೋಕದವರ ವಿರುದ್ಧ ಊರೂರಲ್ಲಿ ದ್ವೇಷ ಹಬ್ಬುತ್ತದೆ. ಮುಖ ಬೇರೆಯಿರುವ ಜೀವಿಗಳು ಮನುಷ್ಯರಂತೆ ಕಾಣುವ ಯಂತ್ರವೊಂದನ್ನು ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಯಂತ್ರ ಕೆಟ್ಟರೆ ಬದುಕೇ ಹೋಯಿತು. ಕಾರಾಳಿಗೆ ಒಂದು ಕನ್ನಡಕ ಸಾಕು. ಅವಳ ಮೈಬಣ್ಣವೇ ಅವಳಿಗೆ ಅರ್ಧ ಬಾಗಿಲು ತೆರೆದಿದೆ. ನಮ್ಮಲ್ಲೂ ಹೀಗೆಯೇ. ಡಿಗ್ರಿ ಇದ್ದವನಿಗೆ, ಇಸ್ತ್ರಿ ಅಂಗಿ ಇದ್ದವನಿಗೆ, ನಾಲಗೆ ತಿದ್ದಿಕೊಂಡವನಿಗೆ ಅಡಗಲು ಸಾಧ್ಯ. ಮಲದ ಗುಂಡಿಗೆ ಇಳಿಯುವವನಿಗೆ ಯಾವ ಕನ್ನಡಕವೂ ಇಲ್ಲ. ಅಡಗುವುದೂ ಒಂದು ಸವಲತ್ತು ಅನ್ನುವುದನ್ನು ನಾವು ಓದಿದವರು ಮರೆಯುತ್ತೇವೆ. 1956ರಲ್ಲಿ ಆಗ್ರಾದಲ್ಲಿ ಅಂಬೇಡ್ಕರ್ ಓದಿದವರ ಬಗ್ಗೆ ನೊಂದು ಮಾತಾಡಿದ್ದು ನಮ್ಮಂಥವರನ್ನು ನೋಡಿಯೇ.

ಇನ್ನೊಂದು ಸಂಗತಿ. 1985ರಲ್ಲಿ ಪ್ರಕಾಶಕರು ಕಾರಾಳನ್ನು ಸಾಯಿಸಿದರು. ಅಣ್ಣನನ್ನು ಉಳಿಸಲು ಹೋಗಿ ಸತ್ತಳು ಅಂತ ಕಥೆ. ಅಷ್ಟಕ್ಕೇ ಬಿಡಲಿಲ್ಲ. ಅವಳು ಇದ್ದಳು ಅನ್ನುವ ನೆನಪನ್ನೇ ಕಥಾಲೋಕದಿಂದ ಅಳಿಸಿದರು. ಯಾಕೆ? ಕ್ರಿಪ್ಟಾನಿನಿಂದ ಉಳಿದವನು ಸೂಪರ್‌ಮ್ಯಾನ್ ಒಬ್ಬನೇ ಆಗಬೇಕು, ಆಗಲೇ ಅವನಿಗೆ ಬೆಲೆ ಅಂತ ಅವರ ಲೆಕ್ಕಾಚಾರ. ಈ ಲೆಕ್ಕ ನಮಗೆ ಚೆನ್ನಾಗಿ ಗೊತ್ತು. ಕೇರಿಯಿಂದ ಒಬ್ಬ ಬಂದರೆ ಅದ್ಭುತ, ಹಾರ ಹಾಕುತ್ತಾರೆ, ವೇದಿಕೆಯಲ್ಲಿ ಕೂರಿಸುತ್ತಾರೆ. ಇಬ್ಬರು ಬಂದರೆ ಗುಸುಗುಸು ಶುರು. ಹತ್ತು ಜನ ಬಂದರೆ ಮೀಸಲಾತಿಯಿಂದ ದೇಶ ಹಾಳಾಯಿತು ಅನ್ನುತ್ತಾರೆ. ಆ ಒಬ್ಬನಿಗೂ ಒಳಗೊಳಗೇ ಒಬ್ಬನೇ ಆಗಿರುವುದು ಹಿತವಾಗಿರುತ್ತದೆ. ನಮ್ಮ ಎದೆ ಮುಟ್ಟಿಕೊಂಡು ಹೇಳುತ್ತೇವೆ, ಹಿತವಾಗಿತ್ತು. 2004ರಲ್ಲಿ ಪ್ರಕಾಶಕರು ಕಾರಾಳನ್ನು ಮತ್ತೆ ಕರೆತಂದರು. ಓದುವವರು ಅವಳನ್ನು ಮರೆತಿರಲಿಲ್ಲ.

ಅಂಬೇಡ್ಕರರ ಲೆಕ್ಕ ಈ ಪ್ರಕಾಶಕರದ್ದಲ್ಲ. ಬರೋಡಾದ ತೋಟದಲ್ಲಿ ಕೂತಿದ್ದವರು 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು, ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ತಾನು ಬಂದ ದಾರಿಯಲ್ಲಿ ಹಿಂದೆ ಬರುವವರು ಸುಳ್ಳು ಹೆಸರು ಬರೆಸಬೇಕಾಗದ ಜಾಗ ಅದು. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಅವರು ಧರ್ಮ ಬದಲಿಸಿದಾಗ ಹಗಲು ಹೊತ್ತು, ಬಯಲು ಮೈದಾನ, ಜೊತೆಗೆ ಲಕ್ಷಗಟ್ಟಲೆ ಜನ.

ಎಲ್ಲರೂ ನಾಳೆಯೇ ಬೀದಿಯಲ್ಲಿ ನಿಂತು ಕೂಗಿ ಹೇಳಿ ಅಂತ ನಾವು ಉಪದೇಶ ಮಾಡುವುದಿಲ್ಲ. ಉಪದೇಶ ಮಾಡಿದವರು ನಮಗೆ ಬಾಡಿಗೆ ಕೋಣೆ ಕೊಡಿಸಲಿಲ್ಲ. ಟಿವಿಯ ಕಾರಾ ಕೊನೆಯ ಕಂತಿನಲ್ಲಿ ಕನ್ನಡಕ ತೆಗೆದು, ನಾನೇ ಅವಳು ಅಂತ ಲೋಕಕ್ಕೆ ಹೇಳುತ್ತಾಳೆ. ಅದಕ್ಕೆ ಆರು ವರ್ಷ ಬೇಕಾಯಿತು, ಸುತ್ತ ಗೆಳೆಯರಿದ್ದರು, ಅಕ್ಕನೊಬ್ಬಳಿದ್ದಳು. ಒಂಟಿಯಾಗಿ ಕನ್ನಡಕ ತೆಗೆಯುವುದು ಬೇರೆ ಮಾತು.

ಬರುವ ಜೂನಿನಲ್ಲಿ ನಮ್ಮ ಚಿಕ್ಕಪ್ಪನ ಮಗಳು ಡಿಗ್ರಿ ಸೇರಲು ಬರುತ್ತಿದ್ದಾಳೆ. ಹಾಸ್ಟೆಲಿನ ಪಟ್ಟಿ ಬರುವುದು ತಡವಾಗುತ್ತದಂತೆ. ಅಲ್ಲಿಯ ತನಕ ಅಣ್ಣನ ರೂಮಿನಲ್ಲಿ ಇರ್ತೀನಿ ಅಂತ ಫೋನು ಮಾಡಿದ್ದಳು. ಅವಳದು ಗಟ್ಟಿ ದನಿ, ನಮ್ಮ ಊರಿನದೇ ಮಾತು, ಯಾರು ಕೇಳಿದರೂ ಕೇರಿಯ ಹೆಸರನ್ನು ಪಟ್ಟನೆ ಹೇಳುತ್ತಾಳೆ. ಹಾಗೆಲ್ಲ ಹೇಳಬ್ಯಾಡ ಅಂತ ಹೇಳಲು ಎರಡು ಸಲ ಬಾಯಿ ತೆರೆದು ಮುಚ್ಚಿದೆವು. ಬಾ ಅಂದೆವು. ಅವ್ವನನ್ನೂ ಜೊತೆಗೆ ಕರೆದುಕೊಂಡು ಬಾ ಅಂದೆವು. ಕೆಳಗಿನ ಮನೆಯ ಮಾಲೀಕರು ಸಂಜೆ ಆರಕ್ಕೆ ಜಗುಲಿಯ ಮೇಲೆ ಕೂರುತ್ತಾರೆ. ಬಸ್ಸು ಬರುವುದು ಐದೂವರೆಗೆ.